ಪ್ರತಿಕ್ರಿಯೆ: ಮೈಸೂರಲ್ಲಿ ಫೋನ್ ಇಲ್ಲದೆ ಎರಡು ಗಂಟೆ ಎಲ್ಲಿ ಕೂರೋದು?

ಭಾನುವಾರ ಬೆಳಿಗ್ಗೆ ಎರಡು ಗಂಟೆ ಫೋನ್ ಮುಟ್ಟದೆ ಹೊರಗೆ ಕೂರಬೇಕು, ಮೈಸೂರಲ್ಲಿ ಎಲ್ಲಿ, ಕೂತು ಏನು ಮಾಡೋದು ಅಂತ ಕೇಳಿದ್ದೀರಿ. ಚಾಮುಂಡಿ ಬೆಟ್ಟ ಬೇಡ, ಅವತ್ತು ಅಲ್ಲಿ ಜನಜಾತ್ರೆ. ಸೀದಾ ಕುಕ್ಕರಹಳ್ಳಿ ಕೆರೆಗೆ ಹೋಗಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ವಾಕಿಂಗ್‌ನವರ ಮಾತುಕತೆ ಜಾಸ್ತಿ ಇದ್ದರೆ ಸ್ವಲ್ಪ ಮುಂದೆ ಹೋಗಿ ನೆರಳಲ್ಲಿ ಕೂರಿ. ಸುತ್ತು ಹಾಕಲೇಬೇಕು, ಹೆಜ್ಜೆ ಎಣಿಸಬೇಕು ಅಂತೇನಿಲ್ಲ, ಅದೂ ಇನ್ನೊಂದು ಆಫೀಸ್ ಕೆಲಸ ಆಗಿಬಿಡುತ್ತದೆ ಅಲ್ವಾ.

ಏನು ಮಾಡೋದು ಅಂದರೆ, ಒಂದು ನೀರುಕಾಗೆಯನ್ನು ಸುಮ್ನೆ ನೋಡುತ್ತಾ ಕೂರಿ. ಇಲ್ಲಿ ಮುಳುಗಿ ಇನ್ನೆಲ್ಲೋ ಏಳುತ್ತದೆ, ಎಲ್ಲಿ ಏಳಬಹುದು ಅಂತ ಊಹಿಸೋದೇ ಒಂದು ಆಟ. ಅದರ ಗರಿ ನೀರು ಹಿಡಿಯುತ್ತದೆ, ಹಾಗಾಗಿ ಮೀನು ಹಿಡಿದಾದ ಮೇಲೆ ಕೊಂಬೆ ಏರಿ ಎರಡೂ ರೆಕ್ಕೆ ಅಗಲಿಸಿ, ಒಗೆದ ಬಟ್ಟೆ ಹರವಿದ ಹಾಗೆ, ಬಿಸಿಲಿಗೆ ಹಿಡಿದು ನಿಲ್ಲುತ್ತದೆ. ಅದಕ್ಕಂತೂ ಯಾವ ಆತುರವೂ ಇರಲ್ಲ.

ಫೋನ್ ಮನೆಯಲ್ಲೇ ಬಿಡಿ. ಸೈಲೆಂಟ್ ಮಾಡಿ ಜೇಬಲ್ಲಿಟ್ಟರೆ ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ. ವಾಚ್ ಕಟ್ಟಿಕೊಳ್ಳಿ, ವಾಪಸ್ ಬರುವ ಹೊತ್ತು ಮನೆಯವರಿಗೆ ಹೇಳಿಟ್ಟಿರಿ. ಮೊದಲು ಸ್ವಲ್ಪ ಹೊತ್ತು ಬೋರ್ ಆಗುತ್ತದೆ, ಎದ್ದು ಬರಬೇಡಿ. ಮತ್ತೆ ಚಿಲ್ಲರೆ ಮರೀಬೇಡಿ, ಇಲ್ಲದಿದ್ದರೆ ಆಮೇಲೆ ಯುಪಿಐ ಇಲ್ಲದೆ ಒಂದು ಕಾಫಿಗೂ ಪರದಾಡಬೇಕು.