ತೆಪ್ಪದ ಕೆಳಗೆ ಯಾರಿದ್ದಾರೆ? ಓದುಗರ ಪ್ರಶ್ನೆಗಳಿಗೆ ಕಾರವಾರದಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಸುತ್ತಿ ಬಂದಿವೆ: ನೀರಿನ ಕೆಳಗೆ ನಡೆಯುವುದನ್ನು ದಡದ ಮೇಲಿರುವ ನಾವು ತಿಳಿಯುವುದು ಹೇಗೆ? ಇಪ್ಪತ್ತೇಳು ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ರಜೆ ಬಂದಾಗಲೆಲ್ಲ ದೋಣಿಯಂಚಿಗೆ ಬಗ್ಗಿ ನೀರು ನೋಡುತ್ತ ಕಳೆದವಳು ನಾನು. ಈ ತಿಂಗಳ ಪುಟವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಸ್ವಸಹಾಯ ಸಂಘದ ಹನ್ನೊಂದು ಹೆಂಗಸರು ಸೇರಿ ಬಿದಿರಿನ ತೆಪ್ಪದಲ್ಲಿ ಕಡಲಕಳೆ ಬೆಳೆಸಬೇಕೆಂದಿದ್ದೇವೆ. ತೆಪ್ಪದ ಕೆಳಗೆ ಮೀನು ಹೆಚ್ಚುತ್ತದೆ ಎನ್ನುತ್ತಾರೆ. ಅದು ನಿಜವೇ ಎಂದು ನಾವೇ ನೋಡಿ ತಿಳಿಯಬಹುದೇ? ನಮ್ಮಲ್ಲಿ ಯಾರಿಗೂ ಮುಳುಗು ಹಾಕಲು ಬರುವುದಿಲ್ಲ. (ಮಾಜಾಳಿಯಿಂದ)

ಉತ್ತರ: ತೆಪ್ಪ ನೀರಿಗಿಳಿಯುವ ಮೊದಲೇ ಬರೆದಿರಿ, ಬಹಳ ಸಂತೋಷವಾಯಿತು. ಆರು ತಿಂಗಳು ಕಳೆದು ಕೇಳಿದ್ದರೆ ನಾನು ಕೈಚೆಲ್ಲಬೇಕಾಗುತ್ತಿತ್ತು. ಮೊದಲು ಎಷ್ಟಿತ್ತು ಎಂಬ ಲೆಕ್ಕವಿಲ್ಲದೆ ಈಗ ಹೆಚ್ಚಿದೆ ಎನ್ನಲು ಯಾರಿಂದಲೂ ಆಗದು. ಆದ್ದರಿಂದ ನಿಮ್ಮ ಮೊದಲ ಕೆಲಸ ಬಿದಿರು ತರುವುದಲ್ಲ, ಎಣಿಸುವುದು.

ಎಣಿಕೆಗೆ ಎರಡು ಜಾಗ ಬೇಕು. ಒಂದು ತೆಪ್ಪ ಬರಲಿರುವ ಜಾಗ. ಇನ್ನೊಂದು ಅಷ್ಟೇ ಮಾರು ಆಳದ, ಅಂಥದೇ ತಳವಿರುವ, ಮುಂದೆಯೂ ಏನನ್ನೂ ಹಾಕದೆ ಖಾಲಿ ಬಿಡುವ ಜಾಗ. ಈ ಖಾಲಿ ಜಾಗದ ಬೆಲೆ ಬಹಳ ಮಂದಿಗೆ ತಿಳಿಯುವುದಿಲ್ಲ. ಮಳೆಗಾಲ ಕಳೆದು ಕಾಳಿ ನದಿಯ ಕೆಂಪು ನೀರು ಹಿಂದೆ ಸರಿದ ಮೇಲೆ ನಮ್ಮ ಕಡಲಲ್ಲಿ ಮೀನು ಎಲ್ಲ ಕಡೆಯೂ ಹೆಚ್ಚುತ್ತದೆ. ಅಕ್ಟೋಬರಿನಲ್ಲಿ ತೆಪ್ಪ ಕಟ್ಟಿ ಡಿಸೆಂಬರಿನಲ್ಲಿ ನೋಡಿದರೆ ಆ ಹೆಚ್ಚಳದ ಶ್ರೇಯವೆಲ್ಲ ತೆಪ್ಪಕ್ಕೆ ಸಿಗುತ್ತದೆ. ಖಾಲಿ ಜಾಗದಲ್ಲೂ ಅಷ್ಟೇ ಹೆಚ್ಚಿದ್ದರೆ ಅದು ಋತುವಿನ ಕೊಡುಗೆ, ನಿಮ್ಮ ತೆಪ್ಪದ್ದಲ್ಲ.

ಮುಳುಗಲು ಬಾರದಿದ್ದರೂ ಚಿಂತೆಯಿಲ್ಲ, ಕ್ಯಾಮೆರಾ ಮುಳುಗುತ್ತದೆ. ನನ್ನ ಹತ್ತಿರ ಇರುವುದು ಗಾರೆ ಕೆಲಸದ ಸರಳನ್ನು ಬೆಸೆದು ಮಾಡಿದ ಒಂದು ಚೌಕಟ್ಟು. ನಡುವೆ ನೀರು ಹೋಗದ ಡಬ್ಬಿಯಲ್ಲಿ ಚಿಕ್ಕ ಕ್ಯಾಮೆರಾ, ಅದರ ಮುಂದೆ ಒಂದೂವರೆ ಮೊಳ ದೂರಕ್ಕೆ ಚಾಚಿದ ಪ್ಲಾಸ್ಟಿಕ್ ಪೈಪು, ಪೈಪಿನ ತುದಿಯಲ್ಲಿ ಈರುಳ್ಳಿ ತುಂಬುವ ಬಲೆಚೀಲ. ಚೀಲದೊಳಗೆ ಜಜ್ಜಿದ ತಾರ್ಲೆ ಮೀನು. ಎಣ್ಣೆಯಂಶವಿರುವ ಮೀನಾದ್ದರಿಂದ ವಾಸನೆ ನೀರಿನಲ್ಲಿ ದೂರ ಹೋಗುತ್ತದೆ. ಹಗ್ಗ ಕಟ್ಟಿ ತಳಕ್ಕಿಳಿಸಿ, ಮೇಲೊಂದು ಬೆಂಡು ತೇಲಿಬಿಟ್ಟು, ಒಂದು ಗಂಟೆ ದೂರ ಸರಿದು ನಿಲ್ಲಿ. ಎರಡೂ ಜಾಗದಲ್ಲಿ ಅದೇ ತೂಕದ ತಾರ್ಲೆ, ಅದೇ ಹೊತ್ತು, ಭರತ-ಇಳಿತದ ಅದೇ ಹಂತ ಇರಲಿ. ಜಗತ್ತಿನ ಅನೇಕ ಕಡೆ ವಿಜ್ಞಾನಿಗಳು ಮಾಡುವುದೂ ಇದನ್ನೇ.

ದಡಕ್ಕೆ ಬಂದು ಚಿತ್ರ ನೋಡುವಾಗ ಒಂದು ಎಚ್ಚರ ಬೇಕು. ಬೇಲೆಕೇರಿಯ ಹತ್ತಿರ ನಾನು ತೆಗೆದ ಒಂದು ಗಂಟೆಯ ಚಿತ್ರದಲ್ಲಿ ಮೊದಲ ಇಪ್ಪತ್ತು ನಿಮಿಷ ಬರೀ ಕದಡಿದ ಮಣ್ಣು. ಆಮೇಲೆ ಎಡಮೂಲೆಯಿಂದ ಒಂದು ಮುರು ಮೀನು ಬಂತು (ನಮ್ಮ ಮನೆಯ ಕೊಂಕಣಿಯಲ್ಲಿ ಗೊಬ್ರೊ). ಕೆಳತುಟಿ ಮುಂದೆ ಚಾಚಿ ಚೀಲದ ಮುಂದೆ ನಿಂತಿತು, ಮೂಸಿತು, ಹೋಯಿತು, ಮತ್ತೆ ಬಂತು. ಹೀಗೆ ಹನ್ನೊಂದು ಸಲ. ಅದರ ಬಲಗಿವಿರಿನ ಅಂಚಿನಲ್ಲಿ ಚಂದ್ರನ ಚೂರಿನಂಥ ಬಿಳಿ ಗಾಯವೊಂದು ಇರದಿದ್ದರೆ ನಾನು ಹನ್ನೊಂದು ಮೀನು ಎಂದು ಬರೆದುಕೊಳ್ಳುತ್ತಿದ್ದೆ. ಈ ತಪ್ಪಾಗದಿರಲಿ ಎಂದೇ ಒಂದು ನಿಯಮವಿದೆ: ಬಂದುಹೋದ ಸಲಗಳನ್ನು ಕೂಡಿಸಬಾರದು. ಇಡೀ ಗಂಟೆಯಲ್ಲಿ ಯಾವುದೇ ಒಂದು ಕ್ಷಣದ ಚಿತ್ರದಲ್ಲಿ ಆ ಜಾತಿಯ ಮೀನು ಒಟ್ಟಿಗೆ ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟೇ ಲೆಕ್ಕ. ನನ್ನ ಪುಸ್ತಕದಲ್ಲಿ ಅಂದು "ಮುರು: 1" ಎಂದೇ ಇದೆ.

ತಾರ್ಲೆಯ ವಾಸನೆಗೆ ಬರುವುದು ಹೆಚ್ಚಾಗಿ ಮಾಂಸ ತಿನ್ನುವ ಮೀನು. ಪಾಚಿ ಮೇಯುವ ಮೀನನ್ನು ಕಾಣಬೇಕಾದರೆ ತೆಪ್ಪದ ಮೂಲೆಗೆ ಇನ್ನೊಂದು ಕ್ಯಾಮೆರಾವನ್ನು ಏನನ್ನೂ ಕಟ್ಟದೆ ತೂಗುಬಿಡಿ. ಅದಕ್ಕಿಂತಲೂ ಸುಲಭದ ಕೆಲಸ ಕೊಯ್ಲಿನ ದಿನ ಇದೆ. ಕಡಲಕಳೆ ಬೆಳೆದ ಒಂದು ಹಗ್ಗವನ್ನು ಝಾಡಿಸದೆ ಮೆಲ್ಲಗೆ ಎತ್ತಿ, ಕಡಲ ನೀರು ತುಂಬಿದ ದೊಡ್ಡ ಟಬ್ಬಿನೊಳಗೆ ಬಿಡಿ. ಸೀಗಡಿಮರಿ, ಅಕ್ಕಿಕಾಳಿನಷ್ಟು ಏಡಿ, ಸೂಜಿಯಂಥ ಮೀನು, ಎಲ್ಲವೂ ಹೊರಬರುತ್ತವೆ. ಎಣಿಸಿ ಬರೆದುಕೊಂಡು ನೀರಿಗೆ ಮರಳಿಸಿ. ಕಡಲಕುದುರೆ ಸಿಕ್ಕಿದರೆ ಒಂದು ಫೋಟೊ ತೆಗೆದು ಆ ಕ್ಷಣವೇ ಬಿಡಿ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಜೀವಿ. ಈ ಟಬ್ಬಿನೊಳಗೆ ಒಮ್ಮೆ ಇಣುಕಿದವರು ಇದನ್ನು ಕಳೆ ಎಂದು ಕರೆಯಲು ಹಿಂಜರಿಯುತ್ತಾರೆ. ನಮ್ಮ ಭಾಷೆಯಲ್ಲಿ ಮುಖದ ಕಾಂತಿಗೂ ಕಳೆ ಎನ್ನುವುದಿದೆಯಲ್ಲ, ನಾನು ಆ ಅರ್ಥವನ್ನೇ ಹಿಡಿದುಕೊಂಡಿದ್ದೇನೆ.

ನೀವು ಬೆಳೆಸಲಿರುವ ಜಾತಿ ಯಾವುದು ಎಂದು ಬರೆದಿಲ್ಲ. ಅದು ಕಪ್ಪಾಫೈಕಸ್ ಆಗಿದ್ದರೆ ಎಣಿಕೆಯ ಜೊತೆ ಕಾವಲೂ ಬೇಕು. ಸುಮಾರು 45 ದಿನಕ್ಕೆ ಕೊಯ್ಲಿಗೆ ಬರುವ ಬೆಳೆ, ತಮಿಳುನಾಡಿನ ರಾಮನಾಥಪುರದ ಕಡೆ ಎಷ್ಟೋ ಮೀನುಗಾರ ಹೆಂಗಸರ ಕೈಗೆ ಹಣ ತಂದಿದೆ, ನಿಜ. ಆದರೆ ಅದು ಹೊರಗಿನಿಂದ ಬಂದ ಜಾತಿ. ಮುರಿದ ಚೂರೊಂದು ಸಿಕ್ಕಿಕೊಂಡಲ್ಲೇ ಹೊಸ ಗಿಡವಾಗಬಲ್ಲದು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಅದು ಜೀವಂತ ಹವಳದ ಮೇಲೆ ಹಬ್ಬಿ ಕವುಚಿಕೊಂಡದ್ದು 2008ರಲ್ಲಿ ವರದಿಯಾಯಿತು. ಆದ್ದರಿಂದ ತೆಪ್ಪದ ಕೆಳಗಷ್ಟೇ ಅಲ್ಲ, ಇಳಿತದ ಹೊತ್ತಿಗೆ ಸುತ್ತಲಿನ ಬಂಡೆಗಳ ಸಂದಿಯಲ್ಲೂ ತಿಂಗಳಿಗೊಮ್ಮೆ ಹುಡುಕಿ. ಒಂದು ಚೂರು ಕಂಡರೂ ಕಿತ್ತು ದಡಕ್ಕೆ ತನ್ನಿ. ತುದಿಗಳು ಬೆಳ್ಳಗಾಗಿ ಮೆತ್ತಗಾದರೆ ಬೆಳೆ ಸಂಕಟದಲ್ಲಿದೆ ಎಂದರ್ಥ: ಬಿಸಿ ಹೆಚ್ಚಿರಬಹುದು, ಸಿಹಿನೀರು ನುಗ್ಗಿರಬಹುದು. ನದಿಮುಖದ ಹತ್ತಿರ ಇರುವ ನಿಮಗೆ ಎರಡನೆಯದರ ಭಯವೇ ಹೆಚ್ಚು. ಮಳೆಗಾಲಕ್ಕೆ ಮೊದಲೇ ತೆಪ್ಪ ದಡ ಸೇರಲಿ.

ಹಗ್ಗಗಳನ್ನು ಸಡಿಲ ಬಿಡಬೇಡಿ. ನಮ್ಮ ದಡಕ್ಕೆ ಮೊಟ್ಟೆಯಿಡಲು ಬರುವ ಕಡಲಾಮೆ ಜೋಲುವ ಹಗ್ಗಕ್ಕೆ ಸಿಕ್ಕಿದರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ.

ಪ್ರಶ್ನೆ: ನಮ್ಮ ಕಡೆ ಕಡಲಿಗೆ ಕಾಂಕ್ರೀಟಿನ ಕೃತಕ ಬಂಡೆ ಹಾಕಿದ್ದಾರೆ. ಅಲ್ಲಿ ಈಗ ಮೀನಿದೆ, ಗಾಳ ಹಾಕುವವರಿಗೆ ಲಾಭವಾಗಿದೆ. ಆದರೆ ನನ್ನಂಥ ಬಲೆಯವನ ಅನುಮಾನ ಇದು: ಬಂಡೆಯಿಂದ ಹೊಸ ಮೀನು ಹುಟ್ಟುತ್ತದೆಯೋ, ಇದ್ದ ಮೀನೇ ಅಲ್ಲಿ ಕೂಡುತ್ತದೆಯೋ? (ಹೊನ್ನಾವರದಿಂದ)

ಉತ್ತರ: ಕೃತಕ ಬಂಡೆಗಳ ಬಗ್ಗೆ ವಿಜ್ಞಾನಿಗಳು ದಶಕಗಳಿಂದ ವಾದಿಸುತ್ತಿರುವ ಮುಖ್ಯ ಪ್ರಶ್ನೆಯನ್ನೇ ನೀವು ಹಿಡಿದಿದ್ದೀರಿ. ಉತ್ತರ ಒಂದೊಂದು ಬಂಡೆಗೆ ಒಂದೊಂದು.

ನಿಮಗೆ ಗೊತ್ತಿರುವ ಉದಾಹರಣೆಯಿಂದಲೇ ಹೊರಡುತ್ತೇನೆ. ತೆಂಗಿನ ಒಣ ಹೊಂಬಾಳೆಗಳನ್ನು ಕಟ್ಟಿ ಕಡಲಿಗಿಳಿಸಿ ಕಪ್ಪೆ ಬೊಂಡಾಸ್ (ಇಂಗ್ಲಿಷಿನ ಕಟ್ಲ್‌ಫಿಶ್) ಹಿಡಿಯುವುದನ್ನು ನಮ್ಮ ಕರಾವಳಿಯಲ್ಲಿ ನೀವೂ ನೋಡಿರಬೇಕು. ಆ ಜೀವಿಗೆ ಮೊಟ್ಟೆ ಅಂಟಿಸಲು ಗಟ್ಟಿಯಾದ ಆಸರೆ ಬೇಕು, ಹೊಂಬಾಳೆ ಕಂಡರೆ ಬರುತ್ತದೆ. ಒಮ್ಮೆ ಅಂಥದೊಂದು ಕಟ್ಟನ್ನು ಮೇಲೆಳೆದಾಗ ನಾನು ದೋಣಿಯಲ್ಲಿದ್ದೆ. ಹೊಂಬಾಳೆಯ ಕಡ್ಡಿಕಡ್ಡಿಗೂ ಮಾಸಲು ಬಿಳಿಯ ದ್ರಾಕ್ಷಿಗೊಂಚಲಿನಂತೆ ಮೊಟ್ಟೆ. ಒಂದನ್ನು ಬಿಸಿಲಿಗೆ ಹಿಡಿದು ನೋಡಿದೆ, ಒಳಗೆ ಎರಡು ಕಪ್ಪು ಕಣ್ಣು ಕಾಣುತ್ತಿದ್ದವು. ಪಕ್ಕದ ಬುಟ್ಟಿಯಲ್ಲಿ ಮೊಟ್ಟೆಯಿಡಲು ಬಂದಿದ್ದ ತಾಯಂದಿರು. ಕಟ್ಟು ದಡಕ್ಕೆ ಬಂದು ಒಣಗಿದರೆ ಮರಿಯೂ ಇಲ್ಲ, ತಾಯಿಯೂ ಇಲ್ಲ. ಅದೇ ಕಟ್ಟು ನೀರಿನಲ್ಲೇ ಉಳಿದು ಮೊಟ್ಟೆಯೊಡೆದಿದ್ದರೆ? ಆಗ ಅದು ತೊಟ್ಟಿಲಾಗುತ್ತಿತ್ತು. ವಸ್ತು ಒಂದೇ. ಅದರ ಸುತ್ತ ನಾವು ನಡೆದುಕೊಳ್ಳುವ ರೀತಿಯಿಂದ ಅದು ತೊಟ್ಟಿಲೂ ಆಗಬಹುದು, ಬೋನೂ ಆಗಬಹುದು. ಕೃತಕ ಬಂಡೆಗೂ ಈ ಮಾತು ಪೂರ್ತಿ ಅನ್ವಯಿಸುತ್ತದೆ ಎಂದು ನಾನು ನಂಬಿದ್ದೇನೆ.

ಹಾಗಾದರೆ ಗುರುತಿಸುವುದು ಹೇಗೆ? ಮೀನಿನ ಸಂಖ್ಯೆ ನೋಡಿದರೆ ಸಾಲದು, ಅಳತೆ ನೋಡಬೇಕು. ಬಂಡೆ ಹಾಕಿದ ಕೆಲವೇ ವಾರಗಳಲ್ಲಿ ಅಂಗೈಗಿಂತ ದೊಡ್ಡ ಮೀನುಗಳಷ್ಟೇ ತುಂಬಿದ್ದರೆ ಅವು ಬೇರೆಡೆಯಿಂದ ಬಂದವು. ಬೆರಳುದ್ದದ ಮರಿಗಳು ಕಾಂಕ್ರೀಟಿನ ತೂತುಗಳಲ್ಲಿ ಕಂಡು, ಅದೇ ಜಾತಿ ಮುಂದಿನ ತಿಂಗಳುಗಳಲ್ಲಿ ಅಲ್ಲೇ ಗೇಣುದ್ದವಾದರೆ ಬಂಡೆ ಸಾಕುತ್ತಿದೆ ಎನ್ನಬಹುದು. ಇದಕ್ಕೆಂದೇ ಪಕ್ಕಪಕ್ಕ ಎರಡು ಕ್ಯಾಮೆರಾ ಕಟ್ಟುತ್ತಾರೆ. ನಮ್ಮ ಎರಡು ಕಣ್ಣು ದೂರವನ್ನು ಅಳೆಯುವಂತೆ ಆ ಜೋಡಿ ಚಿತ್ರಗಳಿಂದ ಮೀನನ್ನು ಮುಟ್ಟದೆ ಅದರ ಉದ್ದ ತಿಳಿಯುತ್ತದೆ. ಮುರು ಮೀನಿನಲ್ಲಂತೂ ಈ ಅಳತೆ ಬಹಳ ಮುಖ್ಯ. ಅದರ ಅನೇಕ ಜಾತಿಗಳು ಹೆಣ್ಣಾಗಿ ಬಾಳು ಆರಂಭಿಸಿ, ದೊಡ್ಡದಾದ ಮೇಲೆ ಗಂಡಾಗುತ್ತವೆ. ಬಂಡೆಯ ಸುತ್ತಲಿನ ದೊಡ್ಡ ಮುರುಗಳನ್ನೆಲ್ಲ ಗಾಳಕ್ಕೆ ಎತ್ತಿಬಿಟ್ಟರೆ ಉಳಿದವಕ್ಕೆ ಗಂಡೇ ಇಲ್ಲದಂತಾಗುತ್ತದೆ.

ಬಂಡೆಯ ಮೈಯನ್ನೂ ನೋಡಬೇಕು. ಮೊದಲು ಲೋಳೆ, ಆಮೇಲೆ ಪಾಚಿ, ಚಿಪ್ಪುಜೀವಿ, ಕಲ್ಗ (ಸಿಂಪಿ), ಹೀಗೆ ಪದರ ಪದರವಾಗಿ ಜೀವ ಅಂಟಿದರೆ ಅಲ್ಲಿ ಊಟ ತಯಾರಾಗುತ್ತಿದೆ. ಒಂದೇ ಜಾಗದ ಒಂದು ಚದರಡಿಯನ್ನು ಪ್ರತಿ ಸಲ ಫೋಟೊ ತೆಗೆದರೆ ಇದು ಎದ್ದು ಕಾಣುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಸುಮಾರು ಇಪ್ಪತ್ತು ಲಕ್ಷ ಹಳೆಯ ಟಯರುಗಳನ್ನು ಕಟ್ಟಿ ಬಂಡೆಯಾಗಲೆಂದು ಮುಳುಗಿಸಿದ್ದರು. ಜೀವ ಸರಿಯಾಗಿ ಅಂಟಲಿಲ್ಲ, ಕಟ್ಟು ಬಿಚ್ಚಿದ ಟಯರುಗಳು ಅಲೆಗೆ ಉರುಳಿ ಪಕ್ಕದ ನಿಜವಾದ ಹವಳವನ್ನೇ ಕೆಡಿಸಿದವು. ಹಾಕಿ ಮರೆತದ್ದಕ್ಕೆ ತೆತ್ತ ಬೆಲೆ ಅದು. ನಮ್ಮಲ್ಲಿ ಬಳಸುವುದು ಕಾಂಕ್ರೀಟಿನ ತ್ರಿಕೋನ, ಬಾವಿಬಳೆಯಂಥ ಆಕಾರಗಳು. ಭಾರವಾದ್ದರಿಂದ ಸುಲಭಕ್ಕೆ ಕದಲುವುದಿಲ್ಲ, ತೂತುಗಳೂ ಇರುತ್ತವೆ. ಆದರೂ ಮಳೆಗಾಲದ ನಂತರ ಅವು ಇದ್ದಲ್ಲೇ ಇವೆಯೇ, ಹೂಳಿನಲ್ಲಿ ಮುಳುಗಿವೆಯೇ, ಹರಿದ ಬಲೆ ಸುತ್ತಿಕೊಂಡಿದೆಯೇ ಎಂದು ಪ್ರತಿ ವರ್ಷ ನೋಡಲೇಬೇಕು. ಸುತ್ತಿಕೊಂಡ ಬಲೆ ಒಡೆಯನಿಲ್ಲದೆಯೂ ಮೀನು ಹಿಡಿಯುತ್ತಲೇ ಇರುತ್ತದೆ.

ನಿಮಗೊಂದು ಕೋರಿಕೆ. ಬಂಡೆಯ ಹತ್ತಿರ ಸಿಕ್ಕಿದ್ದನ್ನೂ ದೂರದಲ್ಲಿ ಸಿಕ್ಕಿದ್ದನ್ನೂ ಬೇರೆ ಬೇರೆ ಬರೆದಿಡಿ, ದಿನಾಂಕ ಮತ್ತು ಗೇಣಿನ ಅಳತೆಯೊಂದಿಗೆ. ದೂರದ ಹಿಡಿತ ಕುಸಿಯುತ್ತ ಬಂಡೆಯ ಹಿಡಿತ ಏರುತ್ತಿದ್ದರೆ ನಿಮ್ಮ ಅನುಮಾನ ನಿಜ. ಆ ಪುಸ್ತಕ ಹಿಡಿದು ಮೀನುಗಾರಿಕೆ ಇಲಾಖೆಗೆ ಹೋಗಿ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ, ಅಲ್ಲಿಗೂ ಹೋಗಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ನೀರು ಕೆಂಪಾಗಿ ಕದಡಿರುವಾಗ ಕ್ಯಾಮೆರಾ ಏನು ತೋರಿಸೀತು? (ಶಿರಸಿಯಿಂದ)

ಉತ್ತರ: ಏನೂ ತೋರಿಸದು, ತಂಗಿ. ಅದಕ್ಕೇ ಮೊದಲು ನೀರಿನ ತಿಳಿಯನ್ನು ಅಳೆಯಬೇಕು. ಊಟದ ತಟ್ಟೆಯಷ್ಟಗಲದ ಬಿಳಿ ಬಿಲ್ಲೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತ ಹೋಗುವುದು, ಅದು ಕಣ್ಮರೆಯಾದ ಆಳವನ್ನು ಬರೆಯುವುದು. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮಾಡಿದ್ದು ಇಷ್ಟೇ, ಇಂದಿಗೂ ಜಗತ್ತೆಲ್ಲ ಬಳಸುತ್ತದೆ.

ಕಣ್ಣು ಸೋತಲ್ಲಿ ಕಿವಿ ಇದೆ. ನನ್ನ ಸೋದರಮಾವ ಹುಟ್ಟಿನ ಅಲಗನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿಯಿಟ್ಟು ಕೇಳುತ್ತಿದ್ದ. ಕ್ರೋಕರ್ ಜಾತಿಯ ಮೀನುಗಳು ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಗುರುಗುಟ್ಟುತ್ತವೆ. ಬಂಡೆಯ ಹತ್ತಿರ ಒಗ್ಗರಣೆಯ ಸಾಸಿವೆ ಸಿಡಿದಂತೆ ಎಡೆಬಿಡದ ಚಟಪಟ ಕೇಳುತ್ತದೆ. ಅದು ಒಂದು ಜಾತಿಯ ಚಿಕ್ಕ ಸೀಗಡಿ ತನ್ನ ಕೊಂಡಿ ಬಡಿಯುವ ಸದ್ದು. ನೀರಿನೊಳಗೆ ಇಳಿಸುವ ಮೈಕು ಈ ಸದ್ದನ್ನು ಹಗಲಿರುಳು ದಾಖಲಿಸುತ್ತದೆ.

ಇನ್ನೊಂದು ದಾರಿ ಡಿಎನ್‌ಎ. ಮೀನು ಹೋದಲ್ಲೆಲ್ಲ ಲೋಳೆ, ಹುರುಪೆ, ಮಲ ಬಿಡುತ್ತದೆ. ಒಂದೆರಡು ಲೀಟರ್ ನೀರನ್ನು ಸೋಸಿ, ಸೋಸುಕಾಗದಕ್ಕೆ ಅಂಟಿದ ಡಿಎನ್‌ಎಯನ್ನು ಓದಿದರೆ ಅಲ್ಲಿದ್ದವರ ಹೆಸರು ಸಿಗುತ್ತದೆ. ಎಷ್ಟು ಮಂದಿ, ಎಷ್ಟು ಉದ್ದ ಎಂಬುದು ಮಾತ್ರ ಅದರಿಂದ ಸಿಗದು. ಹೊಳೆಯಂಚಿನ ಮೀನಿನ ಗುರುತು ಕಾಳಿಯ ನೀರಿನ ಜೊತೆ ಕಡಲಿಗೂ ತೇಲಿ ಬಂದಿರಬಹುದು. ಹಾಗಾಗಿ ಕಣ್ಣು, ಕಿವಿ, ಡಿಎನ್‌ಎ ಮೂರೂ ಸೇರಿದರೆ ಚಂದ.

ಪ್ರಶ್ನೆ: ಹತ್ತು ಮೀಟರ್ ಆಳದಲ್ಲಿ ತೆಗೆದ ಚಿತ್ರದಲ್ಲಿ ಕೆಂಪು ಬಣ್ಣದ ಕೆಂಬೇರಿ ಮೀನು ಬೂದುಬಣ್ಣಕ್ಕೆ ಕಾಣುತ್ತಿದೆ. ಕ್ಯಾಮೆರಾ ಕೆಟ್ಟಿದೆಯೇ? (ಕುಮಟಾದಿಂದ)

ಉತ್ತರ: ಕ್ಯಾಮೆರಾ ಸರಿಯಾಗಿದೆ. ಬಿಸಿಲಿನ ಕೆಂಪನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಬಿಡುತ್ತದೆ, ಆಳಕ್ಕೆ ಹೋದಂತೆ ನೀಲಿ-ಹಸಿರು ಉಳಿಯುತ್ತದೆ. ಹತ್ತಿರದಿಂದ ಟಾರ್ಚ್ ಹಿಡಿದರೆ ಕೆಂಪು ಮರಳುತ್ತದೆ. ಮೀನನ್ನು ಬಣ್ಣದಿಂದಲ್ಲ, ಬಾಲದ ಆಕಾರ ಮತ್ತು ಬೆನ್ನಿನ ರೆಕ್ಕೆಯಿಂದ ಗುರುತಿಸಲು ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಕೂರ್ಮಗಡ ದ್ವೀಪದ ಸುತ್ತ ಕ್ಯಾಮೆರಾ ಇಳಿಸಬೇಕೆಂದಿದ್ದೇವೆ. ಯಾವ ಎಚ್ಚರ ಬೇಕು? (ಕೋಡಿಬಾಗದಿಂದ)

ಉತ್ತರ: ಮೀನುಗಾರಿಕೆ ಇಲಾಖೆಗೂ ಕರಾವಳಿ ಕಾವಲು ಪೊಲೀಸರಿಗೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ನಮ್ಮ ಊರಿನ ಕಡಲಲ್ಲಿ ನೌಕಾಪಡೆಯ ನಿಷೇಧಿತ ವಲಯವಿದೆ, ಅದರ ಗಡಿ ತಿಳಿಯದೆ ದೋಣಿ ಬಿಡಬೇಡಿ. ಜೂನ್, ಜುಲೈ ತಿಂಗಳಲ್ಲಿ ಯೋಚನೆಯೂ ಬೇಡ. ಹೊರಡುವ ಮೊದಲು ಕ್ಯಾಮೆರಾ ಡಬ್ಬಿಯ ರಬ್ಬರ್ ಬಳೆಯನ್ನು ಬೆಳಕಿಗೆ ಹಿಡಿದು ಬೆರಳಾಡಿಸಿ ನೋಡಿ. ನನ್ನ ಮೊದಲ ಕ್ಯಾಮೆರಾ ಹೋದದ್ದು ಆ ಬಳೆಯ ಮೇಲೆ ಅಡ್ಡ ಬಿದ್ದಿದ್ದ ನನ್ನದೇ ಒಂದು ಕೂದಲಿನಿಂದ. ಡಬ್ಬಿ ಮೇಲೆ ಬಂದಾಗ ಗಾಜಿನ ಹಿಂದೆ ಅರ್ಧದಷ್ಟು ಉಪ್ಪುನೀರು ತುಳುಕುತ್ತಿತ್ತು.