ಓದುಗರ ಪ್ರಶ್ನೆ, ನಮ್ಮ ಉತ್ತರ: ಡೆನ್ಮಾರ್ಕಿನ ಪೇಟೆಗಳು ಮತ್ತು ಬೀದಿ ತಿನಿಸು

ಪ್ರಶ್ನೆ: ನಮ್ಮ ಮಗಳು ಮತ್ತು ಅಳಿಯ ಕೋಪನ್‌ಹೇಗನ್‌ನಲ್ಲಿ ನೆಲೆಸಿದ್ದಾರೆ. ಅಡಿಕೆಗೆ ಮೊದಲ ಸುತ್ತಿನ ಮದ್ದು ಬಿಟ್ಟ ಮೇಲೆ, ಜೂನ್ ಕೊನೆಗೆ, ನಾವು ದಂಪತಿ ಅಲ್ಲಿಗೆ ಹೊರಡುವವರಿದ್ದೇವೆ. ಅಲ್ಲಿನ ಪೇಟೆ, ಬೀದಿ ತಿನಿಸುಗಳ ಬಗ್ಗೆ ಮಗಳು ಬಹಳ ಹೇಳುತ್ತಾಳೆ. ಆದರೆ ನಾವಿಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ನಮಗೆ ತಿನ್ನಲು ಏನಾದರೂ ಸಿಕ್ಕೀತೇ? ಊರಿನಿಂದ ಏನನ್ನು ಒಯ್ಯಬಹುದು?
– ಓದುಗರು, ನೀರ್ಚಾಲು

ಉತ್ತರ: ಖಂಡಿತ ಸಿಗುತ್ತದೆ; ಆದರೆ ಹುಡುಕುವ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಡೆನ್ಮಾರ್ಕಿನ ಹಳೆಯ ಬೀದಿ ತಿನಿಸುಗಳಲ್ಲಿ ಹಂದಿಮಾಂಸ ಮತ್ತು ಮೀನಿನದೇ ಮೇಲುಗೈ. ಅಂಗಡಿಯಿಂದ ಅಂಗಡಿಗೆ ಹೋಗಿ ಸಸ್ಯಾಹಾರದ ತಿಂಡಿ ಇದೆಯೇ ಎಂದು ಕೇಳುತ್ತ ನಡೆದರೆ ಒಂದೆರಡು ದಿನಗಳಲ್ಲೇ ಬೇಸರ ಬಂದೀತು. ಅದರ ಬದಲು ಅಲ್ಲಿನ ಗೃಹಸ್ಥರಂತೆ ಕೈಯಲ್ಲೊಂದು ಚೀಲ ಹಿಡಿದು ಸಾಮಾನು ಕೊಳ್ಳಲೆಂದೇ ಪೇಟೆಗೆ ಹೋಗಿ. ಜೂನ್ ಕೊನೆ ಮತ್ತು ಜುಲೈ ಅದಕ್ಕೆ ಹೇಳಿ ಮಾಡಿಸಿದ ಕಾಲ. ರಾತ್ರಿ ಹತ್ತರ ಸುಮಾರಿಗೆ ಸೂರ್ಯಾಸ್ತವಾಗುವ ಆ ದಿನಗಳಲ್ಲಿ ಸ್ಟ್ರಾಬೆರಿ, ಹೊಸ ಆಲೂಗಡ್ಡೆ ಮತ್ತು ಹಸಿ ಬಟಾಣಿ ಮೂರೂ ಒಟ್ಟಿಗೆ ಬರುತ್ತವೆ.

ಮೊದಲು ನೋಡಬೇಕಾದದ್ದು ಕೋಪನ್‌ಹೇಗನ್‌ನ ನೋರೆಪೋರ್ಟ್ ರೈಲು ನಿಲ್ದಾಣದ ಪಕ್ಕದಲ್ಲಿರುವ ಟೋರ್ವೆಹಾಲರ್ನೆ ಎಂಬ ಪೇಟೆ. 1889ರಿಂದ 1958ರವರೆಗೆ ನಗರದ ತರಕಾರಿ ಸಗಟು ಮಾರುಕಟ್ಟೆ ಅದೇ ಚೌಕದಲ್ಲಿತ್ತು. ಅದು ವಾಲ್ಬಿ ಬಡಾವಣೆಗೆ ಸ್ಥಳಾಂತರವಾದ ಮೇಲೆ ಆ ಜಾಗ ಪೇಟೆಯಿಲ್ಲದೆ ದಶಕಗಳನ್ನು ಕಳೆಯಿತು. ಈಗಿರುವ ಎರಡು ಗಾಜಿನ ಕಟ್ಟಡಗಳು ತೆರೆದದ್ದು 2011ರಲ್ಲಿ. ಒಳಗೆ ಮೀನು, ಮಾಂಸ, ಚೀಸ್, ಬ್ರೆಡ್, ಕಾಫಿಯ ಅಂಗಡಿಗಳು, ಹೊರಗೆ ಬಯಲಿನಲ್ಲಿ ಹಣ್ಣು, ತರಕಾರಿ ಮತ್ತು ಹೂವಿನ ಕಟ್ಟೆಗಳು. ಮೀನಿನ ವಾಸನೆ ಆಗದವರು ಹೊರಗಿನ ಕಟ್ಟೆಗಳಿಂದಲೇ ಸುತ್ತು ಆರಂಭಿಸುವುದು ಒಳ್ಳೆಯದು.

ಅಲ್ಲಿ ಸಿಪ್ಪೆ ಸಹಿತ ಬಟಾಣಿಯನ್ನು ಚೀಲಗಟ್ಟಲೆ ಮಾರುತ್ತಾರೆ. ಅದು ಅಡುಗೆಗೆಂದು ಕೊಳ್ಳುವ ವಸ್ತುವಲ್ಲ. ಕೊಂಡವರು ಅಲ್ಲೇ ಬೆಂಚಿನ ಮೇಲೆ ಕುಳಿತು, ಕೋಡನ್ನು ಹೆಬ್ಬೆರಳಿನಿಂದ ಒತ್ತಿ ಸೀಳಿ, ಕಾಳುಗಳನ್ನು ನೇರವಾಗಿ ಬಾಯಿಗೆ ಉದುರಿಸಿಕೊಳ್ಳುತ್ತಾರೆ. ಹಸಿಯಾಗಿ ತಿಂದರೂ ಅಷ್ಟು ಸಿಹಿಯಾಗಿರುವ ಆ ಕಾಳೇ, ನನ್ನ ಅಭಿಪ್ರಾಯದಲ್ಲಿ, ಆ ದೇಶದ ಅತ್ಯುತ್ತಮ ಬೀದಿ ತಿನಿಸು. ಎಣ್ಣೆ, ಮೊಟ್ಟೆ, ಮಾಂಸ ಯಾವುದರ ಅನುಮಾನವೂ ಅದರಲ್ಲಿಲ್ಲ.

ಬ್ರೆಡ್ಡಿನಲ್ಲಿ ‘ರುಗ್‌ಬ್ರೋಡ್’ ಕೊಳ್ಳಿ. ರೈ ಧಾನ್ಯದ ಹಿಟ್ಟು ಮತ್ತು ಇಡೀ ಕಾಳುಗಳನ್ನು ಹುಳಿ ಬರಿಸಿ ಬೇಯಿಸುವ ಈ ಕಪ್ಪು ಬ್ರೆಡ್ ಭಾರವಾಗಿ, ತುಸು ಹುಳಿಯಾಗಿರುತ್ತದೆ. ಸಾಮಾನ್ಯವಾಗಿ ಇದಕ್ಕೆ ಮೊಟ್ಟೆ ಹಾಕುವ ಕ್ರಮವಿಲ್ಲ. ಇದರ ತೆಳು ಹೋಳಿಗೆ ಬೆಣ್ಣೆ ಸವರಿ ಮೇಲೆ ಬಗೆಬಗೆಯ ಪದಾರ್ಥಗಳನ್ನು ಜೋಡಿಸಿದ್ದೇ ಹೆಸರಾಂತ ‘ಸ್ಮೋರೆಬ್ರೋಡ್’. ಅಂಗಡಿಯಲ್ಲಿ ಹೆರಿಂಗ್ ಮೀನು, ಸಿಗಡಿ, ಹುರಿದ ಮಾಂಸದವೇ ಹೆಚ್ಚಾಗಿ ಕಾಣಿಸಿದರೂ ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳನ್ನಿಟ್ಟ ಒಂದು ಬಗೆಯೂ ಇರುತ್ತದೆ. ಅದರ ಮೇಲಿನ ಮೆಯೊನೀಸ್‌ನಲ್ಲಿ ಮೊಟ್ಟೆಯಿರುವುದರಿಂದ ನೀವು ಅದನ್ನು ಮಗಳ ಮನೆಯಲ್ಲೇ ಮಾಡಿಕೊಳ್ಳುವುದು ವಾಸಿ: ಹೊಸ ಆಲೂಗಡ್ಡೆ, ಬೆಣ್ಣೆ, ಉಪ್ಪು, ಕಾಳುಮೆಣಸು, ಎಳೆಯ ಈರುಳ್ಳಿ ಸೊಪ್ಪು ಇಷ್ಟಿದ್ದರೆ ಸಾಕು. ಎಳೆ ಆಲೂಗಡ್ಡೆಗೆ ಸಮ್ಸೋ ದ್ವೀಪದ ಹೆಸರು ದೊಡ್ಡದು. ಊರ ಹೊರಗೆ ಕಾರಿನಲ್ಲಿ ಹೋಗುವಾಗ ರೈತರ ಮನೆಯೆದುರು ಆಳಿಲ್ಲದ ಪುಟ್ಟ ಗೂಡಂಗಡಿಗಳನ್ನೂ ಕಾಣುವಿರಿ. ಬೆಲೆ ನೋಡಿ, ಪೆಟ್ಟಿಗೆಗೆ ಹಣ ಹಾಕಿ ಅಥವಾ ಫೋನಿನಲ್ಲಿ ಪಾವತಿಸಿ, ಬೇಕಾದುದನ್ನು ತೆಗೆದುಕೊಂಡು ಹೋಗುವ ಪದ್ಧತಿ ಅಲ್ಲಿಯದು. ಬೆಳೆಗಾರರಾದ ತಮಗೆ ಇದು ವಿಶೇಷ ಸಂತೋಷ ಕೊಡಬಹುದೆಂದು ಎಣಿಸುತ್ತೇನೆ.

ಬೇಯಿಸಿದ ತಿಂಡಿಯೇ ಬೇಕೆಂದರೆ ಟೋರ್ವೆಹಾಲರ್ನೆಯಲ್ಲಿ ‘ಗ್ರೋಡ್’ ಎಂಬ ಗಂಜಿಯ ಅಂಗಡಿ ಇದೆ. ಓಟ್ಸ್ ಗಂಜಿಗೆ ಹಣ್ಣು, ಬೀಜಗಳನ್ನು ಹಾಕಿ ಕೊಡುತ್ತಾರೆ. ನೋರೆಬ್ರೋ ಬಡಾವಣೆಯಲ್ಲಿ ಅರಬ್ ಮೂಲದವರು ನಡೆಸುವ ಅಂಗಡಿಗಳಲ್ಲಿ ಕಡಲೆ ಅರೆದು ಕರಿದ ಫಲಾಫೆಲ್ ಎಂಬ ತಿಂಡಿ ಧಾರಾಳವಾಗಿ ಸಿಗುತ್ತದೆ. ಬೇಕರಿಯ ಪದರ ಪದರದ ಸಿಹಿ ತಿನಿಸುಗಳ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಹಲವು ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದ ಸತ್ವವನ್ನು ಬಳಸುತ್ತಾರೆ. ಎರಡನ್ನೂ ಕೇಳಿಯೇ ಕೊಳ್ಳಿ. ಅಂಗಡಿಯವರು ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಕೇಳಿದರೆ ಬೇಸರಿಸುವುದಿಲ್ಲ.

ಒಯ್ಯುವ ವಿಚಾರ: ಯುರೋಪಿಯನ್ ಒಕ್ಕೂಟದ ನಿಯಮದಂತೆ ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವಂತಿಲ್ಲ, ಮನೆಯ ತುಪ್ಪ ಮತ್ತು ಹಾಲಿನ ಸಿಹಿ ತಿಂಡಿಗಳನ್ನು ಊರಲ್ಲೇ ಬಿಡಿ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವಿನಸೊಪ್ಪನ್ನೂ ಒಯ್ಯುವಂತಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ ಮತ್ತು ಡುರಿಯನ್ ಹಣ್ಣಿಗೆ ಮಾತ್ರ ಆ ಪತ್ರದಿಂದ ವಿನಾಯಿತಿಯಿದೆ. ಆದ್ದರಿಂದ ತೆಂಗಿನಕಾಯಿ ಒಯ್ಯಲು ಅಡ್ಡಿಯಿಲ್ಲ.

ಪ್ರಶ್ನೆ: ನಾನು ಉನ್ನತ ವ್ಯಾಸಂಗಕ್ಕೆ ಆರ್ಹುಸ್ ನಗರಕ್ಕೆ ಹೋಗಲಿದ್ದೇನೆ. ಡೆನ್ಮಾರ್ಕಿನ ಸಾಸೇಜ್ ಗಾಡಿಗಳ ಬಗ್ಗೆ ಓದಿದ್ದೇನೆ. ನಾನು ಹಂದಿಮಾಂಸ ತಿನ್ನುವುದಿಲ್ಲ. ಅಲ್ಲಿ ತಿನ್ನಬಹುದೇ?
– ವಿದ್ಯಾರ್ಥಿ, ಉಪ್ಪಳ

ಉತ್ತರ: ಹಾಗಿದ್ದರೆ ಆ ಗಾಡಿಗಳನ್ನು ನೋಡಿ ತಿಳಿದುಕೊಳ್ಳುವುದಷ್ಟೇ ಸಾಕು. ‘ಪೋಲ್ಸೆವೋನ್’ ಎಂದು ಕರೆಯುವ ಈ ಗಾಡಿಗಳು ಕೋಪನ್‌ಹೇಗನ್‌ನಲ್ಲಿ ಮೊದಲು ಬೀದಿಗಿಳಿದದ್ದು 1921ರಲ್ಲಿ. ಈಗ ಅವುಗಳ ಸಂಖ್ಯೆ ಬಹಳ ಇಳಿದಿದೆ. ಅಲ್ಲಿನ ಕೆಂಪು ಸಾಸೇಜ್ ಸಾಮಾನ್ಯವಾಗಿ ಹಂದಿಮಾಂಸದ್ದು. ಹಿಂದಿನ ದಿನ ಉಳಿದದ್ದನ್ನು ಗುರುತಿಸಿ ಅಗ್ಗದ ಬೆಲೆಗೆ ಮಾರಲು ಕೆಂಪು ಬಣ್ಣ ಹಚ್ಚುತ್ತಿದ್ದರು, ಆ ಬಣ್ಣವೇ ಜನರಿಗೆ ಹಿಡಿಸಿತು ಎಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಬನ್ನಿನೊಳಗೆ ಸಾಸೇಜ್ ಇಟ್ಟು, ಕೆಚಪ್, ಸಾಸಿವೆ, ಹಳದಿ ಬಣ್ಣದ ರೆಮುಲಾಡ್ ಸಾಸ್, ಹಸಿ ಈರುಳ್ಳಿ, ಗರಿಗರಿಯಾಗಿ ಕರಿದ ಈರುಳ್ಳಿ ಎಲ್ಲವನ್ನೂ ಹಾಕಿದ ಮೇಲೆ, ಸಿಹಿಹುಳಿಯಲ್ಲಿ ನೆನೆಸಿದ ಸೌತೆಯ ಬಿಲ್ಲೆಗಳನ್ನು ಸಾಲಾಗಿ ಹೊದಿಸಿ ಕೊಡುತ್ತಾರೆ. ಕೋಪನ್‌ಹೇಗನ್‌ಗೆ ಹೋದಾಗ ರೌಂಡ್ ಟವರ್ ಬುಡದಲ್ಲಿರುವ ‘ಡೋಪ್’ ಎಂಬ ಸಾವಯವ ಗಾಡಿಯಲ್ಲಿ ಇದೇ ಸಾಮಗ್ರಿಗಳೊಂದಿಗೆ ಮಾಂಸವಿಲ್ಲದ ಸಾಸೇಜ್ ಕೇಳಿ ಪಡೆಯಬಹುದು.

ಆರ್ಹುಸ್‌ನಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವುದು ನಗರದ ಪಶ್ಚಿಮ ಭಾಗದಲ್ಲಿರುವ ಬಜಾರ್ ವೆಸ್ಟ್. ವಲಸೆ ಬಂದ ಕುಟುಂಬಗಳು ನಡೆಸುವ ಈ ಪೇಟೆಯಲ್ಲಿ ಹಲಾಲ್ ಮಾಂಸ, ಮಸಾಲೆ, ಕಾಯಿಪಲ್ಲೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಬಸ್ ನಿಲ್ದಾಣದ ಬಳಿ ಹಳೆಯ ಬಸ್ ಗ್ಯಾರೇಜಿನಲ್ಲಿ 2016ರಲ್ಲಿ ಆರಂಭವಾದ ಆರ್ಹುಸ್ ಸ್ಟ್ರೀಟ್ ಫುಡ್‌ನಲ್ಲಿ ಹಲವು ದೇಶಗಳ ಅಡುಗೆಯಿದೆ; ಗೆಳೆಯರೊಂದಿಗೆ ಹೋದರೆ ಅವರವರಿಗೆ ಬೇಕಾದದ್ದನ್ನು ಅವರವರು ಕೊಂಡು ಒಂದೇ ಮೇಜಿನಲ್ಲಿ ಕುಳಿತು ತಿನ್ನಬಹುದು. ಬುಧವಾರ ಮತ್ತು ಶನಿವಾರ ಬೆಳಗ್ಗೆ ಇಂಗರ್ಸ್‌ಲೆವ್ ಬುಲೆವಾರ್ಡ್‌ನಲ್ಲಿ ರೈತರ ಸಂತೆ ಸೇರುತ್ತದೆ.

ಪ್ರಶ್ನೆ: ನಮಗೆ ರಜೆ ಸಿಗುವುದು ಡಿಸೆಂಬರಿನಲ್ಲಿ ಮಾತ್ರ. ಆ ಚಳಿಯಲ್ಲಿ ಪೇಟೆ ಸುತ್ತಲು ಸಾಧ್ಯವೇ?
– ಶಿಕ್ಷಕಿ, ಮಂಜೇಶ್ವರ

ಉತ್ತರ: ಸಾಧ್ಯವಿದೆ, ಆದರೆ ಬೇಸಿಗೆಯ ಪೇಟೆ ಆಗ ಇರುವುದಿಲ್ಲ. ಕೋಪನ್‌ಹೇಗನ್‌ನಲ್ಲಿ ಹಿಂದೆ ಹಡಗು ಕಟ್ಟುತ್ತಿದ್ದ ಜಾಗದಲ್ಲಿ 2018ರಿಂದ ನಡೆಯುತ್ತಿರುವ ರೆಫೆನ್ ಎಂಬ ದೊಡ್ಡ ಬಯಲು ತಿನಿಸುಪೇಟೆ ಮುಖ್ಯವಾಗಿ ಬೆಚ್ಚಗಿನ ತಿಂಗಳುಗಳದ್ದು. ಸಂಜೆ ನಾಲ್ಕರೊಳಗೆ ಕತ್ತಲಾಗುವ ಡಿಸೆಂಬರಿನಲ್ಲಿ ಜನ ಸೇರುವುದು ಕ್ರಿಸ್‌ಮಸ್ ಸಂತೆಗಳಲ್ಲಿ. 1843ರಲ್ಲಿ ತೆರೆದ, ಅದೇ ನಗರದ ಟಿವೋಲಿ ಉದ್ಯಾನದಲ್ಲಿ ನಡೆಯುವ ಸಂತೆ ಅವುಗಳಲ್ಲಿ ಪ್ರಸಿದ್ಧವಾದುದು.

ಅಲ್ಲಿ ‘ಎಬ್ಲೆಸ್ಕೀವರ್’ ಮಾಡುವ ಕಟ್ಟೆಯೆದುರು ಸ್ವಲ್ಪ ಹೊತ್ತು ನಿಂತು ನೋಡಿ. ಮಧೂರು ದೇವಸ್ಥಾನದ ಅಪ್ಪಪ್ರಸಾದವನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಅದರ ಬಾಣಲೆ ಕೂಡಲೇ ಗುರುತು ಸಿಗುತ್ತದೆ: ಎರಕದ ಕಬ್ಬಿಣದ ಮೇಲೆ ಅರೆಗೋಳದ ಗುಳಿಗಳು, ಗುಳಿಗೊಂದಿಷ್ಟು ಬೆಣ್ಣೆ, ಅದರ ಮೇಲೆ ಗೋಧಿಹಿಟ್ಟು ಮತ್ತು ಮಜ್ಜಿಗೆಯ ಹಿಟ್ಟು. ಅಂಚು ಗಟ್ಟಿಯಾಗುತ್ತಲೇ ಕಡ್ಡಿಯಿಂದ ಕಾಲು ಭಾಗ ತಿರುಗಿಸುತ್ತಾರೆ. ಬೇಯದ ಹಿಟ್ಟು ಕೆಳಗೆ ಹರಿದು, ಹೀಗೆ ತಿರುಗಿಸುತ್ತ ಹೋದಂತೆ ಪೂರ್ಣ ಗೋಳವಾಗುತ್ತದೆ. ಹಲವರು ಏಲಕ್ಕಿಯನ್ನೂ ಹಾಕುತ್ತಾರೆ. ಜಾಮ್ ಮತ್ತು ಸಕ್ಕರೆ ಪುಡಿಯೊಂದಿಗೆ ಬಿಸಿಯಾಗಿಯೇ ತಿನ್ನಬೇಕು, ಆರಿದರೆ ಅರ್ಧ ರುಚಿ ಹೋಯಿತು. ಇದರಲ್ಲಿ ಮೊಟ್ಟೆಯಿದೆ ಎಂಬುದನ್ನು ಸಸ್ಯಾಹಾರಿಗಳು ಗಮನಿಸಬೇಕು. ಅಂಥವರಿಗೆ ಸಕ್ಕರೆ ಪಾಕದಲ್ಲಿ ಹುರಿದ ಬಿಸಿ ಬಾದಾಮಿ ಇದೆ. ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿ, ಆರಿಸಿ, ಕೆನೆ ಮತ್ತು ಬಾದಾಮಿ ಚೂರುಗಳನ್ನು ಬೆರೆಸಿ ಚೆರಿ ಹಣ್ಣಿನ ಬಿಸಿ ಗೊಜ್ಜಿನೊಂದಿಗೆ ಬಡಿಸುವ ಕ್ರಿಸ್‌ಮಸ್ ಸಿಹಿಯೂ ಆ ತಿಂಗಳಿನದೇ. ‘ಗ್ಲಗ್’ ಎಂಬ ಬಿಸಿ ಪಾನೀಯ ಮಾತ್ರ ದ್ರಾಕ್ಷಾರಸದ ಮದ್ಯ. ಮದ್ಯವಿಲ್ಲದ್ದೂ ಸಿಗುತ್ತದೆ, ಕೇಳಿ ಪಡೆಯಿರಿ.

ಪ್ರಶ್ನೆ: ಅಲ್ಲಿ ಖರ್ಚು ಹೇಗೆ? ಶುಚಿತ್ವವನ್ನು ತಿಳಿಯುವುದು ಹೇಗೆ?
– ಓದುಗರು, ಕುಂಬಳೆ

ಉತ್ತರ: ಖರ್ಚು ಹೆಚ್ಚೇ. ನಾಣ್ಯ ಯೂರೋ ಅಲ್ಲ, ಕ್ರೋನ. ಒಂದು ಕ್ರೋನಕ್ಕೆ ಹನ್ನೆರಡು ರೂಪಾಯಿಗೂ ಮೇಲು. ಗಾಡಿಯಲ್ಲಿ ಸಾಸೇಜ್ ಇಟ್ಟು ಕೊಡುವ ಒಂದು ಬನ್ನಿಗೇ, ಅಂದರೆ ಹಾಟ್‌ಡಾಗ್‌ಗೇ, 40–50 ಕ್ರೋನ ತೆರಬೇಕಾದೀತು. ಹಲಗೆಯಲ್ಲಿ ಬರೆದ ಬೆಲೆಯಲ್ಲಿ ಶೇಕಡಾ 25ರ ತೆರಿಗೆ ಸೇರಿರುತ್ತದೆ, ಬೇರೆ ಟಿಪ್ಸ್ ಕೊಡಬೇಕಾಗಿಲ್ಲ. ನಲ್ಲಿಯ ನೀರು ಕುಡಿಯಲು ಯೋಗ್ಯವಾದ ಅಂತರ್ಜಲ. ಬಾಟಲಿ ಕೊಂಡೊಯ್ದರೆ ಅಷ್ಟು ಉಳಿತಾಯ. ಕೊಂಡ ಪಾನೀಯದ ಡಬ್ಬ, ಬಾಟಲಿಗಳಿಗೆ ಗಾತ್ರಕ್ಕೆ ತಕ್ಕಂತೆ 1ರಿಂದ 3 ಕ್ರೋನ ಠೇವಣಿ ಸೇರಿಸುತ್ತಾರೆ. ಖಾಲಿಯಾದ ಮೇಲೆ ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಹಣ ಮರಳುತ್ತದೆ. ಶುಚಿತ್ವಕ್ಕೆ ಸರಕಾರದ ಆಹಾರ ಇಲಾಖೆ 2001ರಲ್ಲಿ ಜಾರಿಗೆ ತಂದ ನಗುಮುಖದ ಗುರುತಿನ ವ್ಯವಸ್ಥೆಯಿದೆ. ತಪಾಸಣೆಯ ವರದಿಯನ್ನು ಗಿರಾಕಿಗೆ ಕಾಣುವಂತೆ ಅಂಟಿಸಿರಬೇಕು. ಮುಖ ನಗುತ್ತಿದೆಯೇ, ಬಾಡಿದೆಯೇ ಎಂದು ನೋಡಿಕೊಂಡು ಸರದಿಯಲ್ಲಿ ನಿಲ್ಲಿ.