ಹಲ್ಲಿನ ಸಂದಿಗೆ ದಾರ: ರಕ್ತ ಬಂದರೆ ನಿಲ್ಲಿಸಬೇಕೇ?

ಪ್ರಶ್ನೆ: ನನಗೆ 47 ವರ್ಷ, ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದೇನೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂದಾಗಲೆಲ್ಲ ಬಲಗಡೆಯ ಕೆಳದವಡೆಯಲ್ಲಿ ಒಂದೇ ಸಂದಿಗೆ ಚೂರು ಸಿಕ್ಕಿಕೊಳ್ಳುತ್ತದೆ. ಬೆಂಕಿಕಡ್ಡಿಯಿಂದ ತೆಗೆಯುವುದು ರೂಢಿಯಾಗಿತ್ತು. ಮಗಳು ಫ್ಲಾಸ್, ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರ, ತಂದುಕೊಟ್ಟಳು. ಬಳಸಿದಾಗ ಒಸಡಿನಿಂದ ರಕ್ತ ಬಂದದ್ದರಿಂದ ಬಿಟ್ಟುಬಿಟ್ಟೆ. ದಾರ ಎಳೆದರೆ ಸಂದಿ ಅಗಲವಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಎರಡು ಹೊತ್ತು ಬ್ರಷ್ ಮಾಡುವವರಿಗೂ ಇದು ಬೇಕೇ?

ಉತ್ತರ: ಬೇಕು. ರಕ್ತ ಬರುತ್ತಿರುವ ನಿಮಗಂತೂ ಖಂಡಿತ ಬೇಕು. ಬ್ರಷ್‌ನ ಎಳೆಗಳು ಹಲ್ಲಿನ ಹೊರಮೈ, ಒಳಮೈ ಮತ್ತು ಅಗಿಯುವ ಮೈಯನ್ನು ಮುಟ್ಟುತ್ತವೆಯೇ ಹೊರತು, ಎರಡು ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿರುವ ಪಕ್ಕದ ಮೈಗಳಿಗೆ ಇಳಿಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾಗಳ ಅಂಟಾದ ಪದರ, ಅಂದರೆ ದಂತಪಾಚಿ, ದಿನವೂ ಕಟ್ಟುತ್ತದೆ. ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಜೊಲ್ಲಿನ ಖನಿಜಗಳು ಸೇರಿ ಅದು ಗಟ್ಟಿಯಾದ ಗಾರೆಯಾಗುತ್ತದೆ. ಆ ಗಾರೆಯನ್ನು ದಾರವಾಗಲಿ ಬ್ರಷ್ ಆಗಲಿ ಕೀಳಲಾರದು, ದಂತವೈದ್ಯರೇ ತೆಗೆಯಬೇಕು. ಪಾಚಿ ಕುಳಿತ ಕಡೆ ಒಸಡು ಉರಿಯೂತಕ್ಕೆ ಒಳಗಾಗಿ ಊದಿಕೊಂಡಿರುತ್ತದೆ, ಆದ್ದರಿಂದಲೇ ಮುಟ್ಟಿದೊಡನೆ ರಕ್ತ ಒಸರುತ್ತದೆ. ಸರಿಯಾದ ಕ್ರಮದಲ್ಲಿ ದಿನಕ್ಕೊಮ್ಮೆ ಫ್ಲಾಸ್ ಮಾಡುತ್ತ ಹೋದರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ರಕ್ತ ನಿಲ್ಲುತ್ತದೆ. ಆಮೇಲೂ ನಿಲ್ಲದಿದ್ದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಇಲ್ಲವೇ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಕ್ರಮ ಹೀಗಿದೆ: ಸುಮಾರು 45 ಸೆಂಟಿಮೀಟರ್ ದಾರ ತೆಗೆದುಕೊಂಡು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವೆ ಎರಡು ಮೂರು ಸೆಂಟಿಮೀಟರ್ ಮಾತ್ರ ಬಿಗಿಯಾಗಿ ಹಿಡಿಯಿರಿ. ಅದನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತ ಸಂದಿಗೆ ಇಳಿಸಿ. ರಭಸದಿಂದ ಒತ್ತಿದರೆ ದಾರ ಒಸಡನ್ನು ಕೊಯ್ಯುತ್ತದೆ, ಹೊಸಬರಿಗೆ ರಕ್ತ ಬರಲು ಇದೂ ಒಂದು ಕಾರಣ. ಇಳಿದ ಮೇಲೆ ಒಂದು ಹಲ್ಲಿನ ಪಕ್ಕಕ್ಕೆ ದಾರವನ್ನು ಬಾಗಿಸಿ ಅಪ್ಪಿಸಿ, ಒಸಡಿನ ಅಂಚಿನ ತುಸು ಕೆಳಗಿನಿಂದ ಮೇಲಕ್ಕೆ ಉಜ್ಜಿ, ಅದೇ ಸಂದಿಯ ಇನ್ನೊಂದು ಹಲ್ಲಿಗೂ ಹಾಗೆಯೇ ಮಾಡಿ. ಪ್ರತಿ ಸಂದಿಗೂ ದಾರದ ಹೊಸ ಭಾಗ ಬರಲಿ. ಸಿಕ್ಕಿಕೊಂಡ ಚೂರು ಹೊರಬಂದಿತೆಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು, ಆದರೆ ರೋಗ ತರುವುದು ನಾಲಿಗೆಗೆ ತಿಳಿಯದ ಆ ಪದರ.

ಹೀಗೆ ಬಳಸಿದ ದಾರದಿಂದ ಸಂದಿ ಅಗಲವಾಗುವುದಿಲ್ಲ. ಊತ ಇಳಿದ ಒಸಡು ತನ್ನ ಜಾಗಕ್ಕೆ ಹಿಂದೆ ಸರಿದಾಗ, ಮೊದಲೇ ಇದ್ದ ಸಂದಿ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಬೆಂಕಿಕಡ್ಡಿ, ಪಿನ್ನು, ಹಿಡಿಸೂಡಿಯ ಕಡ್ಡಿಗಳು ಒಸಡಿಗೆ ನಿಜವಾಗಿ ಗಾಯ ಮಾಡುವಂಥವು. ಅವನ್ನು ಇಂದೇ ಬಿಡಿ.

ಫ್ಲಾಸ್‌ನ ಪ್ರಯೋಜನದ ಬಗ್ಗೆ ವೈದ್ಯರಲ್ಲೇ ಚರ್ಚೆ ಇದೆ ಎಂಬುದನ್ನು ಮುಚ್ಚಿಡಬಾರದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯು ಬ್ರಷ್ ಜೊತೆಗೆ ಫ್ಲಾಸ್ ಬಳಸಿದವರಲ್ಲಿ ಒಸಡಿನ ಉರಿಯೂತ ಇನ್ನಷ್ಟು ಕಡಿಮೆಯಾಗಬಹುದು ಎಂದು ಹೇಳುವಾಗಲೇ, ಲಭ್ಯವಿದ್ದ ಪುರಾವೆ ಬಲವಾಗಿಲ್ಲವೆಂದೂ ಎಚ್ಚರಿಸಿತು. ಸಂದಿ ಈಗಾಗಲೇ ಅಗಲವಾಗಿರುವವರಿಗೆ ದಾರಕ್ಕಿಂತ ಪುಟ್ಟ ಸಂದಿ-ಬ್ರಷ್ ಒಳ್ಳೆಯದು. ಬಿಗಿಯಾದ ಸಂದಿಗೆ ದಾರವೇ ಸರಿ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಒಂದೇ ಸಂದಿಗೆ’ ಎಂಬ ಮಾತು. ಪ್ರತಿ ಸಲವೂ ಅಲ್ಲೇ ಆಹಾರ ಸಿಕ್ಕಿಕೊಳ್ಳುತ್ತಿದ್ದರೆ ಆ ಎರಡು ಹಲ್ಲುಗಳ ತಾಗುವಿಕೆ ಸಡಿಲಗೊಂಡಿರಬಹುದು. ಪಕ್ಕದಲ್ಲಿ ಹುಳುಕು ಹತ್ತಿರಬಹುದು, ಹಳೆಯ ಫಿಲ್ಲಿಂಗ್‌ನ ಅಂಚು ಮುರಿದಿರಬಹುದು. ಅಲ್ಲಿ ದಾರ ಹರಿಯುತ್ತಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ನಿಮ್ಮೂರಿನಲ್ಲೇ ದಂತ ವೈದ್ಯಕೀಯ ಕಾಲೇಜುಗಳಿವೆ. ಎಕ್ಸ್-ರೇ ತೆಗೆಸಿ ನೋಡಿಸಿಕೊಳ್ಳಿ.

ಪ್ರಶ್ನೆ: ಫ್ಲಾಸ್ ಬದಲು ಹೊಲಿಗೆ ದಾರ ಬಳಸಬಹುದೇ? 9 ವರ್ಷದ ಮಗನ ಹಲ್ಲಿನ ಮೇಲೆ ಕಂದು ಕಲೆಗಳಿವೆ, ಫ್ಲಾಸ್ ಮಾಡಿದರೆ ಹೋಗುತ್ತವೆಯೇ? (ಓದುಗರು, ಚಳ್ಳಕೆರೆ)

ಉತ್ತರ: ಹೊಲಿಗೆ ದಾರ ಬೇಡ, ಅದು ಎಳೆ ಬಿಟ್ಟು ಸಂದಿಯಲ್ಲೇ ಉಳಿಯುತ್ತದೆ, ಒಸಡನ್ನೂ ಕೊಯ್ಯುತ್ತದೆ. ನಿಮ್ಮ ಭಾಗದ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಮಗನದು ಫ್ಲೋರೋಸಿಸ್ ಕಲೆ ಇರಬಹುದು. ಅದು ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್‌ನೊಳಗೆ, ಅಂದರೆ ಹಲ್ಲಿನ ಗಟ್ಟಿ ಹೊರಪದರದೊಳಗೆ, ಆಗುವ ದೋಷವಾದ್ದರಿಂದ ಉಜ್ಜಿದರೆ ಹೋಗದು. ಹಾಗೆಂದು ಬಿರುಸಾಗಿ ಉಜ್ಜಿಸಲೂ ಬೇಡಿ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಕಲೆಯನ್ನು ದಂತವೈದ್ಯರಿಗೆ ತೋರಿಸಿ. ಫ್ಲಾಸ್ ಮಾತ್ರ ಅವನಿಗೂ ಬೇಕು. ಈ ವಯಸ್ಸಿನಲ್ಲಿ ಬೆರಳುಗಳ ಹಿಡಿತ ಇನ್ನೂ ಸಾಲದು, ಆದ್ದರಿಂದ ರಾತ್ರಿ ಮಲಗುವ ಮುನ್ನ ನೀವೇ ಮಾಡಿಸಿ.